ರಾಡಾರಿಗೆ ಕಾಣದ ದೋಣಿ

ರಾಡಾರ್ ಎಂಬ ಯಂತ್ರವನ್ನು ನಾನು ಒಮ್ಮೆ ಒದ್ದಿದ್ದೇನೆ, ಒಮ್ಮೆ ಅದಕ್ಕೆ ಕೈ ಮುಗಿದಿದ್ದೇನೆ. ಎರಡೂ ಒಂದೇ ಮಧ್ಯಾಹ್ನ ನಡೆದವು. ಒದ್ದ ಕಾಲಿನ ಹೆಬ್ಬೆರಳು ಈಗಲೂ ಚಳಿಗಾಲದಲ್ಲಿ ನೋಯುತ್ತದೆ. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಕೂತಿರುತ್ತದೆ ಎಂದು ನಮ್ಮವ್ವ ಹೇಳುತ್ತಿದ್ದಳು. ಹುಟ್ಟುಗುಣ ಸುಟ್ಟರೂ ಹೋಗದು. ಮೂಗು ಮುದಿಯಾಯಿತು, ಸಿಟ್ಟಿಗೆ ಇನ್ನೂ ಹರೆಯ.

ನಾರಾಯಣಪೇಟೆಯ ನೇಕಾರನಿಗೂ ಸಮುದ್ರದ ರಾಡಾರಿಗೂ ಏನಯ್ಯಾ ಸಂಬಂಧ ಎಂದು ಕೇಳುವವರಿದ್ದಾರೆ. ಕೇಳಲಿ. ನಿಜಾಮನ ಆಳಿಕೆ ಮುಗಿಸಿದ ಪೊಲೀಸ್ ಆಕ್ಷನ್ ಆಗಿ ಕೆಲವೇ ವರ್ಷಗಳಾಗಿದ್ದವು, ಹೈದರಾಬಾದ್ ರಾಜ್ಯ ಇನ್ನೂ ನಕಾಶೆಯ ಮೇಲಿತ್ತು. ನಾನು ಮಾತ್ರ ಆ ನಕಾಶೆಯಿಂದ ಹೊರಗೆ ಬಿದ್ದು, ಕೃಷ್ಣೆ ಸಮುದ್ರ ಸೇರುವ ಕಡೆ ಒಂದು ಲಾಂಚಿನ ಮೇಲೆ ಕೂಲಿಗಿದ್ದೆ. ಯುದ್ಧ ಮುಗಿದ ಮೇಲೆ ಹರಾಜಿಗೆ ಬಂದ ಹಳೆಯ ಲಾಂಚು ಅದು. ಅದರ ಜೊತೆ ರಾಡಾರೂ ಬಂದಿತ್ತು. ಪ್ರತಿ ನೆರೆಗೂ ಕೃಷ್ಣೆಯ ಬಾಯಲ್ಲಿ ಮರಳಿನ ದಿಬ್ಬಗಳು ಜಾಗ ಬದಲಿಸುತ್ತವೆ. ಎಲ್ಲಿ ಆಳ, ಎಲ್ಲಿ ದಿಬ್ಬ ಎಂದು ಅಳೆದು ಸರಕಿನ ದೋಣಿಗಳಿಗೆ ದಾರಿ ಗುರುತು ಮಾಡುವುದು ನಮ್ಮ ಕೆಲಸವಾಗಿತ್ತು.

ಲಾಂಚಿನ ಕಪ್ತಾನ ಕಾರವಾರದ ಕಡೆಯವನು. ಯುದ್ಧದ ಕಾಲದಲ್ಲಿ ಹಡಗಿನ ಮೇಲೆ ಇದೇ ರಾಡಾರಿನ ಮುಂದೆ ಕೂತು ಕಣ್ಣು ಕೆಡಿಸಿಕೊಂಡವನು. ಹಾಗಾಗಿ ಪರದೆ ನೋಡಲು ನನ್ನನ್ನು ತಯಾರು ಮಾಡಿದ. ಎಂಜಿನ್ನು, ಲಂಗರು ನೋಡಿಕೊಳ್ಳುವ ನಾಲ್ಕು ಜನ ಆಳುಗಳಲ್ಲದೆ ಇನ್ನೊಬ್ಬ ಚಾಚಾ. ನನಗೆ ರಕ್ತಸಂಬಂಧಿಯಲ್ಲ, ಅಲಂಪುರದ ಹತ್ತಿರ ತುಂಗಭದ್ರೆಯಲ್ಲಿ ಹರಿಗೋಲು ಹಾಕುತ್ತಿದ್ದ ಸಾಬರವನು. ನನಗಿಂತ ಇಪ್ಪತ್ತು ವರ್ಷ ದೊಡ್ಡವನು. ಲಾಂಚು ಲಂಗರು ಹಾಕಿ ನಿಂತಾಗ ಚಾಚಾ ಒಂದು ಸಣ್ಣ ಮರದ ದೋಣಿಯಲ್ಲಿ ಮುಂದೆ ಹೋಗಿ, ಗಳ ಇಳಿಸಿ ಆಳ ನೋಡಿ ಕೂಗಿ ಹೇಳುತ್ತಿದ್ದ. ದೋಣಿಗೂ ಲಾಂಚಿಗೂ ಉದ್ದನೆಯ ಹಗ್ಗ ಇರುತ್ತಿತ್ತು.

ಆ ಮಧ್ಯಾಹ್ನ ಆ ಹಗ್ಗವೇ ಹರಿಯಿತು.

ಬಿರುಗಾಳಿ ಹೇಳಿ ಕೇಳಿ ಬರಲಿಲ್ಲ. ಮೂಡಣದ ಕಡೆ ಆಕಾಶ ಹೆಂಚಿನ ತಳದಂತೆ ಕಪ್ಪಾಯಿತು. ಚಾಚಾನನ್ನು ಎಳೆದುಕೊಳ್ಳೋಣ ಎಂದು ಹಗ್ಗಕ್ಕೆ ಕೈ ಹಾಕುವಷ್ಟರಲ್ಲಿ ಮಳೆ ಕಲ್ಲು ಹೊಡೆದ ಹಾಗೆ ಮುಖಕ್ಕೆ ಬಿತ್ತು. ಲಾಂಚು ಎದ್ದು ಬಿತ್ತು. ಹಗ್ಗ ಬಂದೂಕಿನ ಸದ್ದು ಮಾಡಿ ಹರಿದು, ಅದರ ತುದಿ ವಾಪಸು ಬಂದು ನನ್ನ ಭುಜದ ಚರ್ಮ ಸುಲಿಯಿತು. ಚಾಚಾನ ದೋಣಿಯ ಮೇಲೆ ನಾವು ಬಿದಿರಿಗೆ ಕಟ್ಟಿ ನಿಲ್ಲಿಸಿದ್ದ ಸೀಮೆಎಣ್ಣೆಯ ಡಬ್ಬಿ ಗಾಳಿಗೆ ಕಿತ್ತು, ನಮ್ಮ ತಲೆಯ ಮೇಲೆಯೇ ಹಾರಿಹೋಯಿತು. ಆಮೇಲೆ ಬೆಳ್ಳಗಿನ ಮಳೆ ಬಿಟ್ಟು ಏನೂ ಕಾಣಲಿಲ್ಲ. ನದಿಯ ಸೆಳೆತ ಒಂದು ಕಡೆ, ದಿಬ್ಬದ ಮೇಲೆ ಒಡೆಯುವ ಅಲೆ ಇನ್ನೊಂದು ಕಡೆ. ದೋಣಿ ದಿಬ್ಬಕ್ಕೆ ಬಿದ್ದರೆ ಹಲಗೆ ಹಲಗೆಯಾಗಿ ಹೋಗುತ್ತದೆ, ಚಾಚಾ ಅದರೊಳಗಿದ್ದ.

ನಾನು ಓಡಿ ರಾಡಾರಿಗೆ ಮುಖ ಕೊಟ್ಟೆ.

ಕಬ್ಬಿಣದ ಪೆಟ್ಟಿಗೆ, ಅದರ ಮುಂದೆ ದುಂಡನೆಯ ಗಾಜಿನ ಪರದೆ, ಹೊರಗಿನ ಬೆಳಕು ಬೀಳದಂತೆ ರಬ್ಬರಿನ ಮೂತಿ. ಮುಖವನ್ನು ಆ ಮೂತಿಗೆ ಒತ್ತಿ ನೋಡಬೇಕು. ನಡುವಿನ ಚುಕ್ಕೆ ನಾವು. ಅಲ್ಲಿಂದ ಬೆಳಕಿನ ಗೆರೆಯೊಂದು ಗಾಣದೆತ್ತಿನ ಹಾಗೆ ಸುತ್ತುತ್ತಲೇ ಇರುತ್ತದೆ. ಎದುರಿಗೆ ದಡವಿರಲಿ, ಹಡಗಿರಲಿ, ತಾಗಿ ಬಂದ ಮಾರ್ದನಿ ಕಿತ್ತಳೆ ಚುಕ್ಕೆಯಾಗಿ ಒಂದು ಗಳಿಗೆ ಉಳಿಯುತ್ತದೆ. ಅವತ್ತು ಪರದೆಯ ತುಂಬ ಬರೀ ಚುಕ್ಕೆಗಳೇ. ಒಂದೊಂದು ಅಲೆಯೂ ಒಂದೊಂದು ದೋಣಿಯಂತೆ ಹೊಳೆಯುತ್ತಿತ್ತು. ಮಳೆ ಒಂದು ಕಡೆಯ ಪರದೆಯನ್ನೇ ನುಂಗಿತ್ತು.

ಸಹನೆ ನನಗೆ ಮೊದಲೇ ಇಲ್ಲ. ಒಂದು ತಿರುಪು ತಿರುಗಿಸಿದೆ, ಚುಕ್ಕೆಗಳೆಲ್ಲ ಮಾಯ. ವಾಪಸು ತಿರುಗಿಸಿದೆ, ಎಲ್ಲ ವಾಪಸು. "ಎಲ್ಲಿಟ್ಟಿಯೋ ನಮ್ ಚಾಚಾನ್ನ, ಹೇಳೋ!" ಎಂದು ಚೀರಿ ಪೆಟ್ಟಿಗೆಗೆ ಬರಿಗಾಲಿನಲ್ಲಿ ಒದ್ದೆ. ಹೆಬ್ಬೆರಳು ಮುರಿದದ್ದು ಆಗಲೇ. ಪೆಟ್ಟಿಗೆಗೆ ಏನೂ ಆಗಲಿಲ್ಲ.

ಚುಕ್ಕಾಣಿ ಹಿಡಿದಿದ್ದ ಕಪ್ತಾನ ಹಿಂದಿನಿಂದ ಕೂಗಿದ: "ಯಂತ್ರಕ್ಕೆ ಒದ್ದರೆ ಎಂತ ಬರ್ತದೆ ಮಾರಾಯ? ಕಲಿಸಿದ ಹಾಗೆ ಮಾಡು!"

ಅವನು ಕಲಿಸಿದ್ದೇನೋ ಚೆನ್ನಾಗಿಯೇ ಇತ್ತು. ಸಮುದ್ರ ಸುಮ್ಮನಿದ್ದ ದಿನಗಳಲ್ಲಿ ನನ್ನನ್ನು ಕೂರಿಸಿಕೊಂಡು ಹೇಳುತ್ತಿದ್ದ: "ಮೊದಲು ಬೆಳಕು. ಗೆರೆ ಕಂಡೂ ಕಾಣದ ಹಾಗಿರಬೇಕು. ಆಮೇಲೆ ಗೇನ್, ಮಾರ್ದನಿ ಜೋರು ಮಾಡುವ ತಿರುಪು. ಪರದೆ ಮೇಲೆ ರಾಗಿ ಚೆಲ್ಲಿದ ಹಾಗೆ ಸಣ್ಣ ಚುಕ್ಕೆ ಏಳುವ ತನಕ ಏರಿಸು, ಅಲ್ಲಿಗೆ ನಿಲ್ಲಿಸು. ಆಮೇಲೆ ಗೊತ್ತಿದ್ದ ಒಂದು ವಸ್ತು ಹಿಡಿ, ದೀಪದ ಕಂಬವೋ ಏನೋ, ಅದು ದಪ್ಪ ಕಾಣುವ ತನಕ ಟ್ಯೂನ್ ಮಾಡು. ಕೊನೆಗೆ ಅಲೆ ಅಳಿಸುವ ತಿರುಪು. ಅದರ ಮೇಲೆ ಮಾತ್ರ ಆಸೆ ಜಾಸ್ತಿ ಇಡಬೇಡ. ಅಲೆಯ ಜೊತೆಗೆ ಸಣ್ಣ ದೋಣಿಯನ್ನೂ ಅಳಿಸಿ ಹಾಕ್ತದೆ. ಪರದೆ ಸಾಫ್ ಉಂಟು ಅಂತ ಖುಷಿ ಪಟ್ಟವ ಯಾರದ್ದಾದರೂ ಜೀವ ತೆಗೆದಿರ್ತಾನೆ."

ಮಗ್ಗದ ಹಾಸುನೂಲು ಬಿಗಿ ಮಾಡುವುದೂ ಹೀಗೆಯೇ. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಸಡಿಲವಾಗುತ್ತದೆ, ಹಟಕ್ಕೆ ಬಿದ್ದು ಎಳೆದರೆ ನೂಲು ತುಂಡಾಗುತ್ತದೆ. ಹಾಗಾಗಿ ಬೇಗ ಕಲಿತೆ. ಆದರೆ ಚಾಚಾನ ದೋಣಿ ಮಾತ್ರ ನಿಂತ ನೀರಿನಲ್ಲೂ ಪರದೆಗೆ ಸರಿಯಾಗಿ ಬೀಳುತ್ತಿರಲಿಲ್ಲ. "ಊರಿಗೆ ಬಂದವಳು ನೀರಿಗೆ ಬರದೆ ಇರ್ತಾಳಾ? ಕಾದು ನೋಡು," ಎಂದು ಕಪ್ತಾನ ನಗುತ್ತಿದ್ದ. ಕಾದರೂ ಬರಲಿಲ್ಲ. ನೆನೆದ ಮರ ಮಾರ್ದನಿ ಕೊಡುವುದಿಲ್ಲ, ಲೋಹ ಬೇಕು ಎಂದು ಅವನೇ ಡಬ್ಬಿ ಕಟ್ಟಿಸಿದ. ಡಬ್ಬಿ ಕಟ್ಟಿದ ದಿನ ನಾನು ತಮಾಷೆಗೆ ಚಾಚಾನಿಗೆ ಅಂದಿದ್ದೆ: "ಡಬ್ಬಿ ಯಾಕ್ ಬೇಕಿತ್ತು ಚಾಚಾ? ನಿನ್ನ ನಡದಾಗ ಅಸಲಿ ಬೆಳ್ಳಿ ಜರಿ ಐತಲ್ಲ. ಆ ಸೆರಗು ಬಿಚ್ಚಿ ಎತ್ತಿ ಹಿಡಿ, ಡಬ್ಬಿಗಿಂತ ಚಂದ ಕಾಣತೈತಿ."

ಚಾಚಾನ ಮುಖ ಬೂದಿಯಾಯಿತು. ಎರಡೂ ಕೈಯಿಂದ ನಡು ಹಿಡಿದುಕೊಂಡ. "ತೌಬಾ! ನೀರಿನ ಮ್ಯಾಲ ಈ ಸೆರಗು ಬಿಚ್ಚಂಗಿಲ್ಲ ಮಗಾ. ನನ್ನ ಜೀವ ಹೋದ್ರೂ ಬಿಚ್ಚಂಗಿಲ್ಲ. ಕಸಮ್ ಹಾಕೀನಿ, ನಿನಗ ಗೊತ್ತಿಲ್ಲೇನು?"

ಗೊತ್ತಿತ್ತು. ಅದು ನನ್ನ ಹೆಂಡತಿಯ ಸೆರಗು.

ಅದನ್ನು ಹೇಳದೆ ಮುಂದಕ್ಕೆ ಹೋಗಲಾರೆ. ನಮ್ಮದು ನಾರಾಯಣಪೇಟೆಯಾದರೂ ಕೆಲಸಕ್ಕೆ ಗದ್ವಾಲದಲ್ಲಿ ನೆಲೆಸಿದ್ದೆವು, ನಾನು ಮತ್ತು ಅವ್ವ. ಹೆಂಡತಿ ಗದ್ವಾಲದವಳೇ, ನೇಕಾರರ ಮಗಳು. ಮದುವೆಯಾಗಿ ಇನ್ನೂ ಅರಿಶಿನದ ಕೊಂಬು ಹಸಿಯಾಗಿತ್ತು. ಪೊಲೀಸ್ ಆಕ್ಷನ್ನಿಗೆ ಮುಂಚಿನ ಆ ವರ್ಷ ನಿಜಾಮನ ಪರ ಬಂದೂಕು ಹಿಡಿದು ಊರೂರು ತಿರುಗುತ್ತಿದ್ದ ದಂಡನ್ನು ನಾವು ಖಾಕಿಯವರು ಎಂದಷ್ಟೇ ಕರೆಯುತ್ತಿದ್ದೆವು; ಬೇರೆ ಹೆಸರು ಎತ್ತಲು ನಾಲಿಗೆ ಹೆದರುತ್ತಿತ್ತು. ಮಕ್ತಲ್‌ನಲ್ಲಿ ನನ್ನ ಸೋದರಮಾವನ ಮಗ್ಗಗಳನ್ನು ಕೊಡಲಿಯಿಂದ ಕಡಿದು, ಅದೇ ಕಟ್ಟಿಗೆಯ ಮೇಲೆ ಅವನನ್ನು ಹಾಕಿ ಸುಟ್ಟರು. ಸುದ್ದಿ ಬಂದ ದಿನವೇ ಅವ್ವ ಒಲೆಗೆ ನೀರು ಹಾಕಿದಳು. "ಏಳ್ರಿ, ಹೊಳಿ ದಾಟೂಣು," ಅಂದಳು. ತುಂಗಭದ್ರೆಯ ಆಚೆ ದಡ ಕರ್ನೂಲಿನದು. ಅಲ್ಲಿ ನಿಜಾಮನ ಆಳಿಕೆ ಇರಲಿಲ್ಲ.

ಚಾಚಾ ಆಗ ಜನರನ್ನು ಕದ್ದು ದಾಟಿಸುತ್ತಿದ್ದ. ಅವನ ಜಾತಿಯ ಜನವೇ ಅವನನ್ನು ಗದ್ದಾರ್, ದ್ರೋಹಿ ಎಂದು ಬೈದು ಬಾಗಿಲಿಗೆ ಉಗುಳಿದ್ದರು. ನಡು ಮಧ್ಯಾಹ್ನ ಖಾಕಿಯವರು ಉಣ್ಣಲು ಹೋಗುತ್ತಾರೆ, ಘಾಟು ಖಾಲಿಯಿರುತ್ತದೆ ಎಂದು ಅವನ ಲೆಕ್ಕ. ನಮ್ಮನ್ನು ಹರಿಗೋಲಿಗೆ ಹತ್ತಿಸಿಕೊಂಡು ಮೇಲೆ ಕರಿ ಕಂಬಳಿ ಹೊದಿಸಿದ. ಗಂಟು ಹೊರಲಾಗದೆಂದು ಹೆಂಡತಿ ಮದುವೆಯ ಸೀರೆ ಉಟ್ಟೇ ಬಂದಿದ್ದಳು. ಗದ್ವಾಲದ ಸೀರೆ, ಮೈಯೆಲ್ಲ ಹತ್ತಿ, ಸೆರಗು ಮಾತ್ರ ರೇಷ್ಮೆ. ಹತ್ತಿಗೂ ರೇಷ್ಮೆಗೂ ಎಳೆಗೆ ಎಳೆ ಹೊಸೆದು ಜೋಡಿಸಿರುತ್ತಾರೆ. ಸೆರಗಿನ ತುಂಬ ಬೆಳ್ಳಿಯ ಜರಿ, ಅವಳ ಅಪ್ಪನೇ ನೇಯ್ದದ್ದು.

ನಮ್ಮ ನೇಕಾರರ ಮನೆಗಳಲ್ಲಿ ಒಂದು ಪದ್ಧತಿ ಇತ್ತು. ಹೊಸ ಮದುಮಗಳು ಮೊದಲ ಸಲ ಹೊಳೆ ದಾಟುವಾಗ, ನಡುನೀರಿನಲ್ಲಿ ಅಂಬಿಗ ಹುಟ್ಟು ನಿಲ್ಲಿಸಬೇಕು. ಅವಳು ಸೆರಗು ಬಿಚ್ಚಿ, ಜರಿ ಹೊಳೆಯುವಂತೆ ಬಿಸಿಲಿಗೆ ಹಿಡಿದು ಹೊಳೆಗೆ ತೋರಿಸಬೇಕು. ರೇಷ್ಮೆ ತೊಳೆದದ್ದು ಹೊಳೆಯ ನೀರಿನಲ್ಲಿ, ಮೊದಲು ನೋಡುವ ಹಕ್ಕೂ ಹೊಳೆಗಂಗವ್ವನದೇ ಅನ್ನುವುದು ನಮ್ಮವರ ನಂಬಿಕೆ. ತೋರಿಸದೆ ದಾಟಿದವರ ಮಗ್ಗ ಬರಡಾಗುತ್ತದೆ.

ನಡುನೀರಿಗೆ ಬಂದಾಗ ಅವ್ವ ಅಂದಳು: "ನಿಲ್ಲಸಪಾ. ಸೊಸಿ ಸೆರಗು ತೋರಸ್ತಾಳ."

"ಅವ್ವಾ, ಇವತ್ತ ಬ್ಯಾಡ್ರೀ," ಎಂದ ಚಾಚಾ. "ಬಿಸಲು ಸುಡಾಕ ಹತ್ತೈತಿ. ಜರಿ ಮೈಲಿಗಟ್ಲೆ ಕಾಣತೈತಿ."

"ಇರೋದೆಲ್ಲ ಬಿಟ್ಟು ಹೊಂಟೀವಿ. ಗಂಗವ್ವನೂ ಮುನಿದ್ರ ಎಲ್ಲಿಗೆ ಹೋಗೂಣಪಾ?" ಎಂದು ಅವ್ವ ಅಳತೊಡಗಿದಳು. ಚಾಚಾ ನನ್ನ ಮುಖ ನೋಡಿದ, ನಾನು ಅವ್ವನ ಮುಖ ನೋಡಿದೆ. ಚಾಚಾ ಹುಟ್ಟು ಎತ್ತಿ ತೊಡೆಯ ಮೇಲಿಟ್ಟುಕೊಂಡ.

ಅವಳು ಕಂಬಳಿ ಸರಿಸಿ ಎದ್ದು ಮೊಣಕಾಲ ಮೇಲೆ ನಿಂತು, ಸೆರಗನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು. ನನ್ನ ಕಡೆ ತಿರುಗಿ ನಾಚಿ ನಕ್ಕಳು. ಎಂಥ ಬೆಳಕು ಬಂತಪ್ಪಾ ಅದರಿಂದ! ದಡದ ಮೇಲಿನಿಂದ ಯಾರೋ ಕೂಗಿದರು. ಮೊದಲ ಗುಂಡು ನೀರಿಗೆ ಬಿತ್ತು. ಎರಡನೆಯದು ಸೆರಗನ್ನು ತೂತು ಮಾಡಿ ಅವಳ ಕತ್ತಿಗೆ ಹೊಕ್ಕಿತು. ನಗು ಇನ್ನೂ ಮುಖದ ಮೇಲಿರುವಾಗಲೇ ಹಿಂದಕ್ಕೆ ನೀರಿಗೆ ಬಿದ್ದಳು. ಹರಿಗೋಲು ಗರಗರ ತಿರುಗಿತು. ಅವ್ವ ಹಾರಲು ಹೋದಳು, ನಾನು ಅವಳ ಕೂದಲು ಹಿಡಿದು ಕೆಡವಿಕೊಂಡೆ. ಗುಂಡುಗಳ ನಡುವೆ ಚಾಚಾ ನೀರಿಗೆ ಧುಮುಕಿದ. ಅವನಿಗೆ ಸಿಕ್ಕಿದ್ದು ಸೆರಗು. ಅವನು ಎಳೆದ, ಹೊಳೆಯೂ ಎಳೆಯಿತು. ಹತ್ತಿ ಮತ್ತು ರೇಷ್ಮೆಯ ಜೋಡಣೆ ಅಲ್ಲಿಗೆ ಹರಿಯಿತು. ಅವಳು ಹೋದಳು, ಸೆರಗು ಅವನ ಮುಷ್ಟಿಯಲ್ಲಿ ಉಳಿಯಿತು.

ಆಚೆ ದಡ ಸೇರಿದ ಮೇಲೆ ನಾನು ಅಳಲಿಲ್ಲ. ಬೈದೆ. ಹೆತ್ತ ತಾಯಿಗೆ "ಉಂಡ್ಲು ನೋಡು ನಿನ್ನ ಗಂಗವ್ವ, ಹೊಟ್ಟಿ ತುಂಬ ಉಂಡ್ಲು!" ಎಂದು ದಡವೆಲ್ಲ ಕೇಳುವಂತೆ ಕಿರುಚಿದೆ. ಚಾಚಾ ನಮ್ಮಿಬ್ಬರ ನಡುವೆ ಬಂದು ನಿಂತ. ಅವನ ಒಂದು ಕಿವಿಯ ತುದಿಯನ್ನು ಗುಂಡು ಒಯ್ದಿತ್ತು, ರಕ್ತ ಭುಜಕ್ಕೆ ಇಳಿಯುತ್ತಿತ್ತು. "ಹುಟ್ಟು ನಿಲ್ಲಿಸಿದಾಂವ ನಾನು. ಬೈಯೋದಿದ್ರ ನನಗ ಬೈ. ಇದು ನಿನ್ನ ಅಮಾನತ್ತು, ನಿನ್ನ ಸೊತ್ತು, ತಗೋ," ಎಂದು ಸೆರಗು ಚಾಚಿದ. ನಾನು ಅದನ್ನು ಅವನ ಮುಖಕ್ಕೆ ಎಸೆದೆ. ಅವನು ಎತ್ತಿಕೊಂಡು, ಹಿಂಡಿ, ಮಡಿಚಿ ನಡುವಿಗೆ ಕಟ್ಟಿಕೊಂಡ. ನೀರಿನ ಮೇಲೆ ಇನ್ನೊಮ್ಮೆ ಇದನ್ನು ಬಿಚ್ಚುವುದಿಲ್ಲ ಎಂದು ಆಗಲೇ ಆಣೆ ಹಾಕಿದ್ದು. ಅವ್ವ ಮತ್ತೆ ಮಾತಾಡಲಿಲ್ಲ. ಕರ್ನೂಲಿನ ಕಡೆ ನಿರಾಶ್ರಿತರ ಗುಡಿಸಿಲಿನಲ್ಲಿ ವಾಂತಿಭೇದಿ ಬಂದು ಸತ್ತಳು.

ಆಮೇಲೆ ಪೊಲೀಸ್ ಆಕ್ಷನ್ ಆಯಿತು. ಫೌಜಿನ ಲಾರಿಗಳು ಧೂಳೆಬ್ಬಿಸಿಕೊಂಡು ಹೋದವು, ಖಾಕಿಯವರು ಬಂದೂಕು ಬಾವಿಗೆಸೆದು ಹೊಲಗಳಲ್ಲಿ ಓಡಿದರು. ನನ್ನ ಎದೆ ತಣ್ಣಗಾಯಿತು ಎಂದುಕೊಂಡೆ. ಸುಳ್ಳು. ಬಾಣಲೆಯಿಂದ ಬೆಂಕಿಗೆ ಬಿತ್ತು ನಮ್ಮ ಸೀಮೆ. ಖಾಕಿ ತೊಟ್ಟವರು ಸಿಗದಾಗ ಜನ ಗಡ್ಡ ಬಿಟ್ಟವರನ್ನು ಹುಡುಕಿದರು. ತನ್ನ ದಡಕ್ಕೆ ಮರಳಿದ್ದ ಚಾಚಾನ ಸುದ್ದಿ ತಿಳಿಯಲೆಂದು ಹೊಳೆ ದಾಟಿ ಬಂದರೆ, ಅವನ ಗುಡಿಸಿಲು ಉರಿಯುತ್ತಿತ್ತು. ಅವನ ಒಬ್ಬನೇ ಮಗನನ್ನು ಬಾವಿಗೆ ಎತ್ತಿಹಾಕಿ ಮೇಲೆ ಕಲ್ಲು ಹೇರಿದ್ದರು. ಚಾಚಾನನ್ನು ಬೇವಿನ ಮರಕ್ಕೆ ಕಟ್ಟಿ ಬಾರುಕೋಲಿನಿಂದ ಹೊಡೆಯುತ್ತಿದ್ದರು. ಹೊಡೆಯುತ್ತಿದ್ದವನ ಗುರುತು ನನಗೆ ಹತ್ತಿತು. ನಮಗಿಂತ ಮುಂಚೆ ಇದೇ ಹರಿಗೋಲಿನಲ್ಲಿ ಹೆಂಡತಿ ಮಕ್ಕಳ ಸಮೇತ ದಾಟಿದವನು.

ದಡದ ಮೇಲೆ ಬಿದ್ದಿದ್ದ ಹುಟ್ಟು ಎತ್ತಿಕೊಂಡು ಅವನ ದವಡೆಗೆ ಬೀಸಿದೆ. ಹಲ್ಲು ಉದುರಿದ ಸದ್ದು ಕೇಳಿಸಿತು. ನಿಜ ಹೇಳುತ್ತೇನೆ, ಹಿತವಾಯಿತು.

"ಇವನ ಜಾತಿಯೋರು ನಿನ್ನ ಹೇಣ್ತಿನ್ನ ಕೊಂದಾರಲೋ, ಹುಚ್ಚಪ್ಯಾಲಿ!" ಎಂದು ಇನ್ನೊಬ್ಬ ಕೂಗಿದ.

"ಆಕಿನ್ನ ಹಿಡಿಯಾಕ ಇವ ಗುಂಡಿನಾಗ ಧುಮುಕಿದ. ನೀ ಅವತ್ತ ಎಲ್ಲಿದ್ದಿ?" ಎಂದು ಅವನ ಮೊಣಕೈಗೂ ಒಂದು ಕೊಟ್ಟೆ. ಅವರು ನನಗೂ ಕೊಟ್ಟರು, ಪಕ್ಕೆಲುಬು ಮುರಿಯಿತು. ಅಷ್ಟರಲ್ಲಿ ರಸ್ತೆಯಲ್ಲಿ ಫೌಜಿನ ಲಾರಿಯ ಸದ್ದು ಬಂದು ಗುಂಪು ಚೆದುರಿತು. ಕಟ್ಟು ಬಿಚ್ಚಿದಾಗ ಚಾಚಾ ಕೇಳಿದ್ದು ಒಂದೇ: "ಸೆರಗು ಸುಟ್ಟಿಲ್ಲಲ್ಲ?" ಇಲ್ಲ, ಅವನ ನಡುವಿನಲ್ಲೇ ಇತ್ತು.

ಇರುವ ಊರೇ ಇಬ್ಬರಿಗೂ ಇಲ್ಲವಾಯಿತು. ಚಾಚಾ ಹೊಳೆಯ ಕಡೆ ಕೈ ತೋರಿಸಿದ. "ಆಕಿ ಇದ್ರಾಗ ಹೋಗ್ಯಾಳ. ಈ ನೀರು ಎಲ್ಲಿ ಮುಟ್ಟತೈತಿ, ಆ ಜಾಗ ನೋಡಿ ಬರೂಣು ನಡಿ." ಹೀಗೆ ತುಂಗಭದ್ರೆ ಕೃಷ್ಣೆ ಸೇರುವಲ್ಲಿಂದ ಹಿಡಿದು ಕೆಳಗೆ ಕೆಳಗೆ ಇಳಿದು, ಕೂಲಿ ಮಾಡುತ್ತಾ, ಬೇಡುತ್ತಾ, ಸಮುದ್ರದ ಬಾಯಿಗೆ ಬಂದು ನಿಂತೆವು. ಹೆಂಡತಿ ಹೋದಳು, ತಾಯಿ ಹೋದಳು. ನನ್ನವರೆಂದು ಭೂಮಿಯ ಮೇಲೆ ಉಳಿದದ್ದು ಚಾಚಾ ಒಬ್ಬನೇ. ಅವನನ್ನೇ ಈಗ ಮಳೆ ನುಂಗಿ ಕೂತಿತ್ತು.

ಲಾಂಚು ಜೋರಾಗಿ ಒಂದು ಕಡೆ ವಾಲಿತು. ಲಂಗರು ಕಿತ್ತಿತ್ತು. ಎಂಜಿನ್ನು ಕೆಮ್ಮುತ್ತಿತ್ತು.

"ದಿಬ್ಬದ ಕಡೆ ಹೋಗ್ತಾ ಉಂಟು!" ಎಂದು ಕಪ್ತಾನ ಕೂಗಿದ. "ಹೊರಗೆ, ಆಳಕ್ಕೆ ತಿರುಗಿಸ್ತೇನೆ."

"ಚಾಚಾ ಒಳಗದಾನ! ತಿರುಗಿಸಂಗಿಲ್ಲ!"

"ಈ ಲಾಂಚಿನಲ್ಲಿ ಆರು ಜೀವ ಉಂಟು. ತಲೆ ಗಟ್ಟಿ ಉಂಟು ಅಂತ ಬಂಡೆಗೆ ಹಾಯ್ತಾರಾ?" ಎಂದು ಚುಕ್ಕಾಣಿ ತಿರುಗಿಸಿದ. ಅವನು ಹೇಳಿದ್ದು ಸರಿಯೇ, ಇವತ್ತು ಒಪ್ಪುತ್ತೇನೆ. ಅವತ್ತು ಒಪ್ಪಲಿಲ್ಲ. ಹಿಂದಿನಿಂದ ಹೋಗಿ ಅವನ ಕುತ್ತಿಗೆಗೆ ಕೈ ಹಾಕಿದೆ. ಇಬ್ಬರೂ ಉರುಳಿದೆವು. ಲಾಂಚು ವಾಲಿದ ಕಡೆಗೆಲ್ಲ ನಾವೂ ಉರುಳಿದೆವು; ನಾನು ಅವನ ಕಿವಿ ಕಚ್ಚಿದೆ, ಅವನು ಕೈಗೆ ಸಿಕ್ಕ, ಆಳ ನೋಡುವ ಹಗ್ಗದ ಸೀಸದ ಗುಂಡಿನಿಂದ ನನ್ನ ಬಾಯಿಗೆ ಹೊಡೆದ. ಎರಡು ಹಲ್ಲು ನಾಲಿಗೆಯ ಮೇಲೆ ಬಂದವು. ಕಪ್ತಾನ ನನ್ನ ಎದೆಯ ಮೇಲೆ ಮೊಣಕಾಲೂರಿ, ಏದುಸಿರು ಬಿಡುತ್ತಾ, ನನ್ನ ಮುಖವನ್ನು ಒಂದು ಗಳಿಗೆ ನೋಡಿದ. ಅವನ ಕಣ್ಣಲ್ಲೂ ನೀರಿತ್ತು.

"ಹೋಗು. ನೋಡು," ಅಂದ. "ಎಂಜಿನ್ನು ಹಿಡಿದಷ್ಟು ಹೊತ್ತು ಲಾಂಚಿನ ಮೂತಿ ಗಾಳಿಗೆ ಕೊಟ್ಟು ನಿಲ್ಲಿಸ್ತೇನೆ. ಆಗೋದಿಲ್ಲ ಅಂತ ಕಂಡ ಕೂಡಲೇ ತಿರುಗಿಸೋದೇ. ಆಮೇಲೆ ಕೊಂದರೂ ಕೇಳೋದಿಲ್ಲ."

ಬಾಯಿಯ ರಕ್ತವನ್ನು ತೋಳಿಗೆ ಒರೆಸಿಕೊಂಡು ರಬ್ಬರಿನ ಮೂತಿಗೆ ಮುಖ ಕೊಟ್ಟೆ. ಒಳಗೆ ಕತ್ತಲೆ, ರಕ್ತದ ವಾಸನೆ, ಸುತ್ತುವ ಗೆರೆ. ಮಗ್ಗದ ಮುಂದೆ ಕೂತಿದ್ದೇನೆ, ನೂಲು ತುಂಡಾಗಬಾರದು ಎಂದು ನನಗೆ ನಾನೇ ಹೇಳಿಕೊಂಡು ಮೊದಲಿನಿಂದ ಶುರು ಮಾಡಿದೆ. ದೂರ ನೋಡುವುದನ್ನು ಬಿಟ್ಟು ಹತ್ತಿರದ ಅಳತೆಗೆ ಇಳಿಸಿದೆ. ಬೆಳಕು ಇಳಿಸಿದೆ. ಗೇನನ್ನು ರಾಗಿ ಚೆಲ್ಲುವಷ್ಟಕ್ಕೆ ತಂದು ನಿಲ್ಲಿಸಿದೆ. ಮಳೆ ತೆಳುವಾಗಿಸುವ ತಿರುಪು ಒತ್ತಿದೆ; ಒಂದು ಕಡೆಯ ಮಳೆಯ ಗೋಡೆ ಹರಿದು ಚಿಂದಿಯಾಯಿತು. ಅಲೆಯ ತಿರುಪಿಗೆ ಬಂದಾಗ ಉಸಿರು ಬಿಗಿಹಿಡಿದೆ. ಕೂದಲೆಳೆಯಷ್ಟು ತಿರುಗಿಸಿ, ನೋಡಿ, ಅರ್ಧ ಕೂದಲೆಳೆ ವಾಪಸು ತಂದೆ. ಪೂರ್ತಿ ಅಳಿಸಿದರೆ ಪರದೆ ಸಾಫ್ ಆಗುತ್ತಿತ್ತು, ಚಾಚಾನೂ ಸಾಫ್ ಆಗುತ್ತಿದ್ದ.

ಇನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುವುದಷ್ಟೇ. ಅಲೆಯ ಚುಕ್ಕೆ ಒಂದು ಸುತ್ತಿಗೆ ಇಲ್ಲಿ, ಮುಂದಿನ ಸುತ್ತಿಗೆ ಅಲ್ಲಿ. ಗೆರೆ ಎಷ್ಟು ಸಲ ಬಂದರೂ ಅದೇ ಜಾಗದಲ್ಲಿ ಮತ್ತೆ ಹೊತ್ತಿಕೊಳ್ಳುವ ಚುಕ್ಕೆ ಬೇಕು ನನಗೆ. ಗೆರೆ ಸುತ್ತಿತು, ಏನೂ ಇಲ್ಲ. ಮತ್ತೆ ಸುತ್ತಿತು. ಎಲ್ಲ ಚುಕ್ಕೆಗಳೂ ಕುಣಿಯುತ್ತಿದ್ದವು, ನಿಂತದ್ದು ಒಂದೂ ಇರಲಿಲ್ಲ. ನೆನೆದ ಮರ, ನೆನೆದ ಮನುಷ್ಯ. ರಾಡಾರಿಗೆ ಅವನು ಇಲ್ಲವೇ ಇಲ್ಲ. ಅವನಲ್ಲಿ ಲೋಹವೆಂದಿದ್ದರೆ ಅದೊಂದೇ, ನಡುವಿನ ಗಂಟಿನೊಳಗೆ, ಆಣೆಯ ಕೆಳಗೆ.

"ಬಿಚ್ಚೋ ಚಾಚಾ," ಎಂದೆ ಪೆಟ್ಟಿಗೆಯ ಒಳಕ್ಕೆ. "ಬಿಚ್ಚೋ. ನಾನು ಹೇಳಾಕ ಹತ್ತೀನಿ, ಆಕಿ ಗಂಡ ಹೇಳಾಕ ಹತ್ತೀನಿ. ಬಿಚ್ಚು. ನಿನ್ನ ಕಸಮ್ ನನ್ನ ತಲೀ ಮ್ಯಾಲಿರಲಿ." ಕೊನೆಕೊನೆಗೆ ಒದರತೊಡಗಿದೆ. ಒದರಿದ ಹಾಗೆಲ್ಲ ಬಾಯಿಂದ ರಕ್ತ ಗಾಜಿನ ಮೇಲೆ ಸಿಡಿಯುತ್ತಿತ್ತು. ಅದನ್ನೇ ಚುಕ್ಕೆ ಅಂದುಕೊಂಡು ಒರೆಸುತ್ತಿದ್ದೆ.

"ಎಂಜಿನ್ನು ಹೋಗ್ತಾ ಉಂಟು!" ಕಪ್ತಾನ ಕೂಗಿದ. "ತಿರುಗಿಸ್ತೇನೆ ಈಗ!"

ಆಗ ಎಡಗಡೆ, ದಿಬ್ಬದ ದಪ್ಪ ಗೆರೆಗೆ ಇನ್ನೇನು ಅಂಟಬೇಕು ಎನ್ನುವಷ್ಟು ಹತ್ತಿರ, ಒಂದು ಚುಕ್ಕೆ ಹೊತ್ತಿಕೊಂಡಿತು. ರಕ್ತವಿರಬೇಕೆಂದು ಒರೆಸಿದೆ. ಹೋಗಲಿಲ್ಲ. ಗೆರೆ ಸುತ್ತಿ ಬಂತು. ಚುಕ್ಕೆ ಅಲ್ಲೇ ಇತ್ತು, ಮೊದಲಿಗಿಂತ ಜೋರಾಗಿ ಉರಿಯುತ್ತಿತ್ತು. ಮತ್ತೆ ಸುತ್ತಿತು. ಅಲೆಗಳೆಲ್ಲ ಜಾಗ ಬದಲಿಸಿದವು, ಅದು ಬದಲಿಸಲಿಲ್ಲ.

"ಎಡಕ್ಕ!" ಎಂದು ಕಿರುಚಿದೆ. "ಎಡಕ್ಕ ತಿರುಗಸ್ರೀ! ಬಿಚ್ಚಿದ! ಸೆರಗು ಬಿಚ್ಚಿದ ನಮ್ ಚಾಚಾ!"

ಕಪ್ತಾನನಿಗೆ ನಾನು ಏನು ಹೇಳುತ್ತಿದ್ದೇನೆಂದು ಅರ್ಥವಾಗ­ಲಿಲ್ಲ. ಆದರೂ ತಿರುಗಿಸಿದ. ನಾನು ಪರದೆ ಬಿಟ್ಟೇಳದೆ ಎಡಕ್ಕೆ, ಇನ್ನೂ ಎಡಕ್ಕೆ, ನೆಟ್ಟಗೆ ಎಂದು ಕೂಗುತ್ತಿದ್ದೆ. ಅಲೆ ಕ್ಯಾಬಿನ್ನಿನ ಗಾಜು ಒಡೆದು ಒಳಗೆ ಬಂತು. ಯಾರೋ "ಅದೋ, ಅದೋ!" ಎಂದು ಕೂಗಿದ್ದು ಕೇಳಿ ಮುಖ ಎತ್ತಿದೆ. ಎತ್ತುವ ಮುಂಚೆ ಆ ಪೆಟ್ಟಿಗೆಗೆ ಎರಡೂ ಕೈ ಜೋಡಿಸಿದೆ.

ಅಂಚಿನವರೆಗೂ ನೀರು ತುಂಬಿದ ದೋಣಿಯಲ್ಲಿ ಚಾಚಾ ಮೊಣಕಾಲೂರಿ ಕೂತಿದ್ದ. ಆಳ ನೋಡುವ ಗಳದ ತುದಿಗೆ ಸೆರಗು ಕಟ್ಟಿ, ಎರಡೂ ಕೈಯಲ್ಲಿ ಗಳವನ್ನು ಎದೆಗೆ ಒತ್ತಿಕೊಂಡು ನೆಟ್ಟಗೆ ಹಿಡಿದಿದ್ದ. ಗಾಳಿಗೆ ಸೆರಗು ಫಡಫಡ ಹೊಡೆದುಕೊಳ್ಳುತ್ತಿತ್ತು. ಗುಂಡಿನ ತೂತಿನಿಂದ ಆಚೆಯ ಮಳೆ ಕಾಣುತ್ತಿತ್ತು. ಅವನು ನಮ್ಮ ಕಡೆ ನೋಡುತ್ತಲೇ ಇರಲಿಲ್ಲ. ತಲೆ ತಗ್ಗಿಸಿ, ಹೆಗಲು ಕುಗ್ಗಿಸಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದ. ಕೊಕ್ಕೆ ಹಾಕಿ ದೋಣಿ ಎಳೆದುಕೊಂಡೆವು. ಅವನನ್ನು ಮೇಲೆತ್ತಿದ ಮರುಗಳಿಗೆಯೇ ದೋಣಿ ದಿಬ್ಬಕ್ಕೆ ಹೊಡೆದು ಎರಡು ಹೋಳಾಯಿತು. ಕಪ್ತಾನ ಲಾಂಚನ್ನು ಆಳದ ಕಡೆಗೆ ತಿರುಗಿಸಿದ.

ಡೆಕ್ಕಿನ ಮೇಲೆ ಬಿದ್ದರೂ ಚಾಚಾ ಗಳ ಬಿಡಲಿಲ್ಲ. ಬೆರಳುಗಳನ್ನು ನಾನೇ ಒಂದೊಂದಾಗಿ ಬಿಡಿಸಬೇಕಾಯಿತು. ಕಣ್ಣು ಇನ್ನೂ ತೆರೆದಿರಲಿಲ್ಲ. ನನಗೆ ಎಲ್ಲಿತ್ತೋ ಸಿಟ್ಟು, ಅವನ ಅಂಗಿಯ ಕೊರಳು ಹಿಡಿದು ಅಲ್ಲಾಡಿಸಿದೆ. "ಇಷ್ಟೊತ್ತನಾ ಬಿಚ್ಚಾಕ? ನಾನಿಲ್ಲಿ ಸತ್ತು ಸತ್ತು ಹುಟ್ಟೀನಿ! ಕಣ್ಣ್ಯಾಕ ಮುಚ್ಚೀದಿ? ನಾವು ಬರಾಕ ಹತ್ತಿದ್ದು ನೋಡಬಾರದನ?"

ಚಾಚಾ ಕಣ್ಣು ತೆರೆದ. ಮೊದಲು ಸೆರಗಿನ ಕಡೆ ನೋಡಿದ, ಆಮೇಲೆ ರಕ್ತ ಸೋರುವ ನನ್ನ ಬಾಯಿಯ ಕಡೆ.

"ಸೆರಗು ಎತ್ತೀನಲ್ಲ," ಅಂದ. "ಇನ್ನೇನ್ ಗುಂಡು ಬರತೈತಿ, ಬರತೈತಿ ಅಂತ ಕುಂತಿದ್ದೆ. ನೀ ಬಂದಿ ಮಗಾ."

ನಾನು ಅವನ ಅಂಗಿ ಬಿಟ್ಟೆ. ಆ ಒದ್ದೆ ಡೆಕ್ಕಿನ ಮೇಲೆ, ಎಲ್ಲರ ಎದುರಿಗೆ, ತುಂಗಭದ್ರೆಯ ದಡದಲ್ಲಿ ಅಳದೆ ಉಳಿಸಿಕೊಂಡಿದ್ದನ್ನೆಲ್ಲ ಅತ್ತೆ. ಅತ್ತು ಮುಗಿದ ಮೇಲೆ ಚಾಚಾ ಗಳದಿಂದ ಸೆರಗು ಬಿಚ್ಚಿ, ಹಿಂಡಿ, ಮಡಿಚಿ ನನ್ನ ಕೈಗೆ ಕೊಟ್ಟ. ಈ ಸಲ ತೆಗೆದುಕೊಂಡೆ.